ಪೋರ್-ಓವರ್ ಕಾಫಿ ಕೆಟ್ಟಾಗ: ಮೊದಲು ಗಡಿಯಾರ, ಆಮೇಲೆ ನಾಲಿಗೆ

ಮನೆಯಲ್ಲಿ ಪೋರ್-ಓವರ್ ಕಾಫಿ, ಎಂದರೆ ಕಾಗದದಲ್ಲಿಟ್ಟ ಪುಡಿಯ ಮೇಲೆ ಬಿಸಿನೀರು ಸುರಿದು ಸೋಸುವ ಕಾಫಿ, ಮಾಡುವವರ ದೂರುಗಳು ಬಹುಮಟ್ಟಿಗೆ ನಾಲ್ಕೇ ಇರುತ್ತವೆ: ನೀರು ಇಳಿಯುವುದೇ ಇಲ್ಲ, ನೀರು ಸುರಿದ ವೇಗದಲ್ಲೇ ಇಳಿದುಹೋಗುತ್ತದೆ, ಕಾಫಿ ಹುಳಿಯಾಗಿದೆ, ಕಾಫಿ ಕಹಿಯಾಗಿದೆ. ಇವುಗಳಲ್ಲಿ ಮೊದಲೆರಡು ಕಣ್ಣಿಗೆ ಕಾಣುವಂಥವು, ಕೊನೆಯೆರಡು ನಾಲಿಗೆಗೆ ತಿಳಿಯುವಂಥವು. ದೂರು ಹೇಳುವಾಗ ಎಲ್ಲರೂ ರುಚಿಯಿಂದಲೇ ಆರಂಭಿಸುತ್ತಾರೆ; ಆದರೆ ದೋಷ ಹುಡುಕುವುದನ್ನೂ ರುಚಿಯಿಂದಲೇ ಆರಂಭಿಸಿದರೆ ದಾರಿ ತಪ್ಪುವುದು ಹೆಚ್ಚು, ಏಕೆಂದರೆ ಬೆಳಗಿನ ಮೊದಲ ಗುಟುಕಿನಲ್ಲಿ ಹುಳಿಗೂ ಕಹಿಗೂ, ಕಹಿಗೂ ಒಗರಿಗೂ ಇರುವ ವ್ಯತ್ಯಾಸ ಪಳಗಿದ ನಾಲಿಗೆಗೂ ಒಮ್ಮೊಮ್ಮೆ ಸಿಗುವುದಿಲ್ಲ. ಗಡಿಯಾರಕ್ಕೆ ಆ ಗೊಂದಲವಿಲ್ಲ. ಆದುದರಿಂದ ಈ ಕೈಪಿಡಿಯಲ್ಲಿ ಮೊದಲು ಸಮಯವನ್ನೂ, ಆಮೇಲೆ ಕಾಗದದಲ್ಲಿ ಉಳಿದ ಚರಟವನ್ನೂ, ಕೊನೆಯಲ್ಲಿ ರುಚಿಯನ್ನೂ ನೋಡುವ ಕ್ರಮವನ್ನು ಅನುಸರಿಸಲಾಗಿದೆ.

ಇಲ್ಲಿ ಹೇಳಿರುವುದೆಲ್ಲ ವಿ60 ಎಂಬ ಡ್ರಿಪ್ಪರನ್ನು, ಎಂದರೆ ಕಾಗದವನ್ನೂ ಪುಡಿಯನ್ನೂ ಹಿಡಿದಿಡುವ ಶಂಕುವಿನಾಕಾರದ ಬಟ್ಟಲನ್ನು, ಮನಸ್ಸಿನಲ್ಲಿಟ್ಟುಕೊಂಡು ಹೇಳಿದ್ದು. ಜಪಾನಿನ ಹಾರಿಯೊ ಕಂಪನಿಯ ಈ ಸಾಧನದ ಹೆಸರಿನಲ್ಲಿರುವ 60, ಅದರ ಗೋಡೆಗಳ ನಡುವಿನ ಕೋನದ ಅಳತೆ. ತಳದಲ್ಲಿ ಒಂದೇ ದೊಡ್ಡ ತೂತು ಇರುವುದರಿಂದ ನೀರಿನ ವೇಗವನ್ನು ಡ್ರಿಪ್ಪರ್ ತಡೆಯುವುದಿಲ್ಲ. ಪುಡಿ ಮತ್ತು ಕಾಗದ ಎರಡೇ ತಡೆಯುತ್ತವೆ. ಮೂರು ಸಣ್ಣ ತೂತುಗಳಿರುವ, ತಳ ಚಪ್ಪಟೆಯಾದ ಕಲೀಟ ವೇವ್ ಎಂಬ ಡ್ರಿಪ್ಪರ್ ನಮ್ಮ ತಪ್ಪುಗಳನ್ನು ಸ್ವಲ್ಪ ಮುಚ್ಚಿಕೊಳ್ಳುತ್ತದೆ, ವಿ60 ಎಲ್ಲವನ್ನೂ ಲೋಟಕ್ಕೆ ಇಳಿಸಿಬಿಡುತ್ತದೆ. ಕಲಿಯುವವರಿಗೆ ಇದು ತೊಂದರೆ ಎನಿಸಬಹುದು, ದೋಷ ಹುಡುಕುವವರಿಗೆ ಅನುಕೂಲವೇ.

ಹೋಲಿಸಲು ಒಂದು ಮೂಲ ಅಳತೆ

ಯಾವುದನ್ನು ಸರಿಯೆಂದು ಹಿಡಿಯಬೇಕೆಂಬುದು ಗೊತ್ತಿಲ್ಲದಿದ್ದರೆ ಯಾವುದು ತಪ್ಪಾಯಿತೆಂದು ಹೇಳಲಾಗದು. ನಾನು ಅನುಸರಿಸುವ ಮೂಲ ಅಳತೆ ಹೀಗಿದೆ. 15 ಗ್ರಾಂ ಪುಡಿಗೆ 250 ಗ್ರಾಂ ನೀರು. ಕಾಗದವನ್ನು ಬಿಸಿನೀರಿನಲ್ಲಿ ತೊಯ್ಸಿ, ಆ ನೀರನ್ನು ಚೆಲ್ಲಿ, ಪುಡಿಯನ್ನು ಹಾಕಿ ಡ್ರಿಪ್ಪರನ್ನು ಮೆಲ್ಲಗೆ ಅಲುಗಿಸಿ ಮಟ್ಟ ಮಾಡಿದ ಮೇಲೆ, ಮೊದಲು 45 ಗ್ರಾಂ ನೀರು ಹಾಕಿ ಪುಡಿ ಉಬ್ಬಲು 45 ಸೆಕೆಂಡು ಬಿಡಬೇಕು. ಮೊದಲ ನೀರು ಬಿದ್ದಾಗಿನಿಂದ ಎಣಿಸಿ 1 ನಿಮಿಷ 15 ಸೆಕೆಂಡಿನ ಹೊತ್ತಿಗೆ ತಕ್ಕಡಿ 150 ಗ್ರಾಂ ತೋರಿಸಬೇಕು, 1 ನಿಮಿಷ 45 ಸೆಕೆಂಡಿನ ಹೊತ್ತಿಗೆ 250. ಸುರಿದು ಮುಗಿದ ನಂತರ ನೀರೆಲ್ಲ ಇಳಿದು, ಚರಟದ ಮೇಲ್ಮೈ ಹೊಳಪು ಕಳೆದುಕೊಂಡು ಮಂಕಾಗುವ ಹೊತ್ತಿಗೆ ಸುಮಾರು 3 ನಿಮಿಷವಾಗಿರಬೇಕು. ಹದಿನೈದಿಪ್ಪತ್ತು ಸೆಕೆಂಡು ಆಚೀಚೆ ಆದರೆ ಚಿಂತೆಯಿಲ್ಲ. ಪುಡಿ ತನ್ನ ತೂಕದ ಎರಡರಷ್ಟು ನೀರನ್ನು ಹಿಡಿದಿಟ್ಟುಕೊಳ್ಳುವುದರಿಂದ ಲೋಟಕ್ಕೆ ಬರುವುದು 220 ಗ್ರಾಂ ಮಾತ್ರ. ನೀರು ಕಡಿಮೆಯಾಯಿತೆಂದು ಮತ್ತಷ್ಟು ಸುರಿಯುವುದು ಹೊಸಬರ ಸಾಮಾನ್ಯ ತಪ್ಪು.

ನೀರಿನ ಬಿಸಿಯ ಬಗ್ಗೆ ಒಂದು ಮಾತು. ಕುದಿಸಿದ ನೀರನ್ನು ಒಂದು ನಿಮಿಷ ಬಿಟ್ಟು ಸುರಿಯಬೇಕೆಂಬ ಸಲಹೆ ಎಲ್ಲೆಡೆ ಕಾಣುತ್ತದೆ. ಮಂಗಳೂರಿನಲ್ಲಿ ಅದು ನಡೆದೀತು. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲಿರುವುದರಿಂದ ಇಲ್ಲಿ ನೀರು 97 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ಕುದಿಯುತ್ತದೆ, ಮಡಿಕೇರಿಯಲ್ಲಿ ಇನ್ನೂ ಸುಮಾರು ಒಂದು ಡಿಗ್ರಿ ಕಡಿಮೆ. ಅದನ್ನು ಮತ್ತೆ ಒಂದು ನಿಮಿಷ ಆರಲು ಬಿಟ್ಟು, ತಣ್ಣನೆಯ ಪಿಂಗಾಣಿ ಡ್ರಿಪ್ಪರಿಗೆ ಸುರಿದರೆ ಪುಡಿಯನ್ನು ತಲುಪುವ ಹೊತ್ತಿಗೆ ಆ ನೀರಿನಲ್ಲಿ ಶಕ್ತಿಯೇ ಉಳಿದಿರುವುದಿಲ್ಲ. ತಿಳಿಹುರಿ ಅಥವಾ ಮಧ್ಯಮ ಹುರಿಯ ಬೀಜಕ್ಕೆ ನಮ್ಮ ಬಯಲುಸೀಮೆಯಲ್ಲಿ ಕುದಿಯುವ ನೀರನ್ನು ಕುದಿಯುತ್ತಿರುವಾಗಲೇ ಸುರಿಯುವುದು ಸರಿ. ಅಂದಹಾಗೆ, ಅಗ್ಗದ ಪ್ಲಾಸ್ಟಿಕ್ ಡ್ರಿಪ್ಪರ್ ಈ ವಿಷಯದಲ್ಲಿ ಪಿಂಗಾಣಿಗಿಂತ ಮೇಲು, ಏಕೆಂದರೆ ಅದು ನೀರಿನ ಬಿಸಿಯನ್ನು ತಾನು ಹೀರಿಕೊಳ್ಳುವುದು ಕಡಿಮೆ.

ಪ್ಯಾಕೆಟ್ಟನ್ನು ಓದುವುದು

ಬೇರೇನನ್ನೂ ಪರೀಕ್ಷಿಸುವ ಮೊದಲು ಪುಡಿ ಎಲ್ಲಿಂದ ಬಂತೆಂದು ನೋಡಬೇಕು. ನಮ್ಮ ಅಂಗಡಿಗಳಲ್ಲಿ ಫಿಲ್ಟರ್ ಕಾಫಿ ಪುಡಿ ಎಂದು ಕೇಳಿದರೆ ಕೊಡುವುದು ಹಿತ್ತಾಳೆ ಅಥವಾ ಸ್ಟೀಲಿನ ಫಿಲ್ಟರಿಗೆಂದು ನುಣ್ಣಗೆ ಬೀಸಿದ ಪುಡಿಯನ್ನು, ಅದೂ ಹೆಚ್ಚಾಗಿ ಚಿಕೋರಿ ಬೆರೆಸಿದ್ದನ್ನು. ಕಾನೂನಿನ ಪ್ರಕಾರ ಕಾಫಿ-ಚಿಕೋರಿ ಮಿಶ್ರಣದಲ್ಲಿ ಕಾಫಿ ಶೇ. 51ಕ್ಕಿಂತ ಕಡಿಮೆ ಇರುವಂತಿಲ್ಲ, ಎಂದರೆ ಶೇ. 49ರವರೆಗೆ ಚಿಕೋರಿ ಇರಬಹುದು, ಆ ಪ್ರಮಾಣ ಪ್ಯಾಕೆಟ್ಟಿನ ಮೇಲೆ ಅಚ್ಚಾಗಿರುತ್ತದೆ. ಚಿಕೋರಿಯ ಬಹುಪಾಲು ನೀರಿನಲ್ಲಿ ಕರಗಿ ದ್ರವವನ್ನು ಮಂದವಾಗಿಸುತ್ತದೆ, ಉಳಿದದ್ದು ಮೆತ್ತಗಾಗಿ ಕಾಗದದ ರಂಧ್ರಗಳನ್ನು ಮುಚ್ಚುತ್ತದೆ. ತೂತಿನ ಫಿಲ್ಟರಿನಲ್ಲಿ ಡಿಕಾಕ್ಷನ್ ನಿಧಾನವಾಗಿ ತೊಟ್ಟಿಕ್ಕಲೆಂದೇ ಬೇಕಾದ ಈ ಗುಣ ಪೋರ್-ಓವರಿನಲ್ಲಿ ದೋಷವಾಗುತ್ತದೆ. ಇಂಥ ಪುಡಿಯಿಂದ ನೀರು ಇಳಿಯಲಿಲ್ಲವೆಂದು ದೂರುವುದರಲ್ಲಿ ಅರ್ಥವಿಲ್ಲ, ಆ ಪುಡಿಯನ್ನು ಅದರ ಫಿಲ್ಟರಿಗೇ ಹಾಕುವುದು ಒಳ್ಳೆಯದು. ಕೆಳಗಿನದೆಲ್ಲ ಚಿಕೋರಿ ಇಲ್ಲದ, ಹುರಿದ ದಿನಾಂಕ ಬರೆದಿರುವ ಬೀಜವನ್ನು ಮನೆಯಲ್ಲೇ ಪುಡಿ ಮಾಡುವವರಿಗೆ ಅನ್ವಯಿಸುತ್ತದೆ.

ನೀರು ಇಳಿಯದಿದ್ದಾಗ

ಮೂರೂಮುಕ್ಕಾಲು ನಿಮಿಷ ದಾಟಿದರೂ ಡ್ರಿಪ್ಪರಿನಲ್ಲಿ ನೀರು ಕೆರೆಯಂತೆ ನಿಂತಿದ್ದರೆ ಅದನ್ನು ಕಟ್ಟಿಕೊಂಡಿದೆ ಎನ್ನಬಹುದು. ಹತ್ತರಲ್ಲಿ ಏಳೆಂಟು ಸಲ ಇದಕ್ಕೆ ಕಾರಣ ಪುಡಿಯ ನುಣುಪು. ಪುಡಿಯ ಹದವನ್ನು ಮೈಕ್ರಾನ್ ಲೆಕ್ಕದಲ್ಲಿ ಹೇಳಿದರೆ ಯಾರಿಗೂ ಉಪಯೋಗವಾಗದು. ನಮ್ಮ ಅಡುಗೆಮನೆಯಲ್ಲಿ ಅದಕ್ಕಿಂತ ಒಳ್ಳೆಯ ಅಳತೆಗೋಲಿದೆ. ಹಿತ್ತಾಳೆ ಫಿಲ್ಟರಿನ ಪುಡಿ ಚಿರೋಟಿ ರವೆಗಿಂತಲೂ ನುಣ್ಣಗಿರುತ್ತದೆ. ವಿ60ಗೆ ಬೇಕಾದದ್ದು ಉಪ್ಪಿಟ್ಟಿನ ಸಾಧಾರಣ ರವೆಯ ಹದ. ಇಡ್ಲಿ ರವೆಯಷ್ಟು ತರಿಯಾದರೆ ಅದು ಮುಂದಿನ ವಿಭಾಗದ ದೋಷ. ಒಂದು ಬಿಳಿ ತಟ್ಟೆಯ ಮೇಲೆ ಚಿಟಿಕೆ ರವೆಯನ್ನೂ ಪಕ್ಕದಲ್ಲೇ ಚಿಟಿಕೆ ಕಾಫಿ ಪುಡಿಯನ್ನೂ ಹರಡಿ ಬೆರಳಿನಿಂದ ಸವರಿ ನೋಡಿದರೆ ಅರ್ಧ ನಿಮಿಷದಲ್ಲಿ ವಿಷಯ ತಿಳಿಯುತ್ತದೆ.

ಆದರೆ ಸರಾಸರಿ ಹದ ಸರಿಯಿದ್ದೂ ಕಟ್ಟಿಕೊಳ್ಳುವುದುಂಟು, ಮುಖ್ಯವಾಗಿ ಮಿಕ್ಸಿಯಲ್ಲಿ ಪುಡಿ ಮಾಡುವವರಿಗೆ. ಮಿಕ್ಸಿಯ ಬ್ಲೇಡು ಬೀಜವನ್ನು ಅರೆಯುವುದಿಲ್ಲ, ಹೊಡೆದು ಒಡೆಯುತ್ತದೆ. ಆದ್ದರಿಂದ ಒಂದೇ ಜಾರಿನಲ್ಲಿ ಗೋಧಿ ನುಚ್ಚಿನಂಥ ತುಂಡುಗಳೂ ವಿಭೂತಿಯಂಥ ಧೂಳೂ ಒಟ್ಟಿಗೆ ಸಿಗುತ್ತವೆ. ಪುಡಿಯನ್ನು ಹೆಬ್ಬೆರಳು ಮತ್ತು ತೋರುಬೆರಳ ನಡುವೆ ಉಜ್ಜಿ, ಕೊಡವಿ ನೋಡಿ: ಬೆರಳಿನ ಗೆರೆಗಳಲ್ಲಿ ಕಂದು ಬಣ್ಣ ಕೂತು ಬೆರಳಚ್ಚು ಎದ್ದು ಕಂಡರೆ ಧೂಳು ಹೆಚ್ಚಾಗಿದೆ ಎಂದರ್ಥ. ಈ ಧೂಳು ನೀರಿನೊಂದಿಗೆ ಕೆಳಗಿಳಿದು ಶಂಕುವಿನ ತುದಿಯಲ್ಲಿ ಕೆಸರಿನಂತೆ ಕೂರುತ್ತದೆ. ಗ್ರೈಂಡರ್ ಕೊಳ್ಳುವ ತನಕ ಮಾಡಬಹುದಾದದ್ದಿಷ್ಟು: 20 ಗ್ರಾಂ ಬೀಜವನ್ನು ಸಣ್ಣ ಜಾರಿನಲ್ಲಿ ಹಾಕಿ, ಒಂದೊಂದು ಸೆಕೆಂಡಿನಷ್ಟೇ ತಿರುಗಿಸಿ ನಿಲ್ಲಿಸಿ, ನಡುನಡುವೆ ಜಾರನ್ನು ಕುಲುಕಿ, ಕೊನೆಗೆ ಮೈದಾ ಜರಡಿಯಲ್ಲಿ ಜಾಲಿಸಿ ಧೂಳನ್ನು ಬೇರ್ಪಡಿಸಬೇಕು. ಮೇಲುಳಿದದ್ದರಲ್ಲಿ 15 ಗ್ರಾಂ ತೂಗಿ ಬಳಸಬಹುದು. ಕೆಳಗೆ ಬಿದ್ದ ಧೂಳನ್ನು ಎಸೆಯಬೇಕಾಗಿಲ್ಲ. ಡಬ್ಬಿಯಲ್ಲಿ ಕೂಡಿಟ್ಟರೆ ಭಾನುವಾರದ ಡಿಕಾಕ್ಷನ್ನಿಗೆ ಆಗುತ್ತದೆ. ಕೈಯಲ್ಲಿ ತಿರುಗಿಸುವ ಗ್ರೈಂಡರ್ ಇರುವವರು ಮೊದಲಿಗಿಂತ ಎರಡು ಕ್ಲಿಕ್, ಎಂದರೆ ಹದದ ತಿರುಪಿನ ಎರಡು ಮೆಟ್ಟಿಲು, ತರಿ ಮಾಡಿ ಮತ್ತೆ ಸಮಯ ನೋಡಬೇಕು, ಅದೂ ಬೇರೆ ಯಾವುದನ್ನೂ ಬದಲಿಸದೆ.

ಎರಡನೆಯ ಕಾರಣ ಸುರಿಯುವ ಕೈ. ಕೆಟಲನ್ನು ಎತ್ತರದಲ್ಲಿ ಹಿಡಿದು ದಪ್ಪ ಧಾರೆಯಲ್ಲಿ ಸುರಿದರೂ, ನಾಲ್ಕೈದು ಸಲ ನಿಲ್ಲಿಸಿ ನಿಲ್ಲಿಸಿ ಸುರಿದರೂ, ಚಮಚದಿಂದ ಕದಡಿದರೂ ಪುಡಿ ಮೇಲೆದ್ದು, ದಪ್ಪ ಕಣಗಳಿಂದ ಧೂಳು ಬೇರೆಯಾಗಿ ಕಾಗದಕ್ಕೆ ಅಂಟಿಕೊಳ್ಳುತ್ತದೆ. ಸಪೂರ ಕೊಕ್ಕಿನ ಗೂಸ್‌ನೆಕ್ ಕೆಟಲ್ ಇಲ್ಲದವರು ಪಾತ್ರೆಯಿಂದ ಸೌಟಿನಲ್ಲಿ ಹಾಕುವುದನ್ನೂ ಕಂಡಿದ್ದೇನೆ; ಅದಕ್ಕಿಂತ ಮೂತಿಯಿರುವ ಸಣ್ಣ ಜಗ್ಗಿಗೆ ನೀರನ್ನು ಬಗ್ಗಿಸಿಕೊಂಡು ಪುಡಿಗೆ ಹತ್ತಿರದಿಂದ ಸುರಿಯುವುದು ವಾಸಿ. ಮೂರನೆಯದು ಕಾಗದ. ಹೊಲಿಗೆಯಂತಿರುವ ಅಂಚನ್ನು ಮಡಿಸದೆ ಇಟ್ಟರೆ ಕಾಗದ ಗೋಡೆಗೆ ಸರಿಯಾಗಿ ಕೂರುವುದಿಲ್ಲ. ಬೇರೆ ಆಕಾರದ ಕಾಗದವನ್ನು ಕತ್ತರಿಸಿ ಬಳಸಿದಾಗಲೂ ಇದೇ ತೊಂದರೆ. 1908ರಲ್ಲಿ ಡ್ರೆಸ್ಡೆನ್ ನಗರದ ಮೆಲಿಟಾ ಬೆಂಟ್ಸ್ ಎಂಬ ಗೃಹಿಣಿ ತೂತು ಕೊರೆದ ಹಿತ್ತಾಳೆ ಪಾತ್ರೆಯಲ್ಲಿ ಮಗನ ನೋಟ್‌ಬುಕ್ಕಿನ ಒತ್ತುಕಾಗದವನ್ನಿಟ್ಟು ಕಾಫಿ ಸೋಸಿದ್ದರಿಂದಲೇ ಈ ವಿಧಾನ ಹುಟ್ಟಿತು ಎಂಬುದು ನಿಜ. ಆದರೆ ಅದನ್ನು ನೆಪ ಮಾಡಿಕೊಂಡು ಟಿಶ್ಯೂ ಪೇಪರಿನಲ್ಲಿ ಸೋಸಲು ಹೋಗಬಾರದು, ಒದ್ದೆಯಾದೊಡನೆ ಅದು ಹರಿದು ಪುಡಿಯೆಲ್ಲ ಲೋಟಕ್ಕೆ ಬೀಳುತ್ತದೆ. ಪೀಟರ್ ಶ್ಲುಂಬೋಮ್ 1941ರಲ್ಲಿ ರೂಪಿಸಿದ ಕೆಮೆಕ್ಸ್ ಎಂಬ ಗಾಜಿನ ಹೂಜಿ ಬಳಸುವವರು ಇನ್ನೊಂದನ್ನು ಗಮನಿಸಬೇಕು: ಅದರ ಕಾಗದದ ಮೂರು ಪದರದ ಮಗ್ಗುಲು ಸುರಿಯುವ ಮೂತಿಯ ಕಡೆಗೇ ಇರಬೇಕು. ಒಂದೇ ಪದರದ ಮಗ್ಗುಲು ಆ ಕಡೆಗಿದ್ದರೆ ಅದು ಒದ್ದೆಯಾಗಿ ಗಾಳಿ ಹೋಗುವ ಕಾಲುವೆಯೊಳಕ್ಕೆ ಕುಸಿಯುತ್ತದೆ. ಒಳಗಿನ ಗಾಳಿ ಹೊರಬರದಿದ್ದರೆ ನೀರು ಇಳಿಯುವುದಿಲ್ಲ.

ಇವೆಲ್ಲ ಸರಿಯಿದ್ದೂ ನೀರು ಕಟ್ಟಿಕೊಂಡ ಒಂದು ಪ್ರಸಂಗವನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ಬೆಂಗಳೂರಿನ ಹೊರವಲಯದಲ್ಲಿರುವ ಅನೇಕರಿಗೆ ಇದೇ ತೊಂದರೆ ಇದ್ದೂ ಗ್ರೈಂಡರನ್ನು ಬೈಯುತ್ತಿರುವ ಸಾಧ್ಯತೆಯಿದೆ. ಕಾವೇರಿ ನೀರಿನ ಹಳೆಯ ಬಡಾವಣೆಯಿಂದ ಕೊಳವೆಬಾವಿ ನೀರಿನ ಅಪಾರ್ಟ್‌ಮೆಂಟಿಗೆ ಮನೆ ಬದಲಿಸಿದ ಮೇಲೆ, ಆರ್‌ಒ ನೀರಿನಲ್ಲಿ ಕಾಫಿ ಸಪ್ಪೆಯಾಗುತ್ತದೆಂದು ಎಲ್ಲೋ ಓದಿಕೊಂಡು, ಅಡುಗೆಮನೆಯ ನಲ್ಲಿಯ ನೀರನ್ನೇ ಕಾಯಿಸತೊಡಗಿದೆ. ಅದೇ ಚಿಕ್ಕಮಗಳೂರಿನ ಬೀಜ, ಅದೇ ಗ್ರೈಂಡರಿನ ಅದೇ ಕ್ಲಿಕ್, ಅದೇ ಕಾಗದ. ಆದರೆ 3 ನಿಮಿಷಕ್ಕೆ ಮುಗಿಯುತ್ತಿದ್ದದ್ದು 4 ನಿಮಿಷ 20 ಸೆಕೆಂಡಿಗೆ ಹೋಯಿತು. ಕಾಫಿಯಲ್ಲಿ ಹುಳಿಯ ಸುಳಿವೇ ಇಲ್ಲ, ಸುಣ್ಣದ ನೀರಿಗೆ ಬಣ್ಣ ಹಾಕಿದಂತೆ ಮಂಕಾದ ರುಚಿ. ನಾನು ಮಾಡಿದ ಮೊದಲ ಕೆಲಸ ಗ್ರೈಂಡರನ್ನು ತರಿ ಮಾಡಿದ್ದು. ಸಮಯ ಇಳಿಯಿತು, ಮಂಕುತನ ಉಳಿಯಿತು, ಅದರ ಜೊತೆಗೆ ನೀರುನೀರಾಯಿತು. ಆಮೇಲೆ ಬೀಜ ಬದಲಿಸಿದೆ. ಹದಿನೈದು ದಿನ ಹೀಗೇ ಕಳೆದವು.

ಸುಳಿವು ಸಿಕ್ಕಿದ್ದು ಕಾಫಿಯಲ್ಲಲ್ಲ, ಕೈ ತೊಳೆಯುವಾಗ. ಎಷ್ಟು ನೀರು ಹಾಕಿದರೂ ಸೋಪು ಹೋಗದಂತೆ ಬೆರಳುಗಳು ಜಾರುತ್ತಿದ್ದವು. ನೀರಿನಲ್ಲಿ ಕರಗಿದ ಘನಾಂಶವನ್ನು ಅಳೆಯುವ ಟಿಡಿಎಸ್ ಮೀಟರು 600ರ ಮೇಲೆ ತೋರಿಸುತ್ತಿದ್ದರೂ ಕೆಟಲಿನ ತಳದಲ್ಲಿ ತಿಂಗಳಾದರೂ ಬಿಳಿಯ ಪದರ ಕಟ್ಟಿರಲಿಲ್ಲ. ಗಡಸು ನೀರಾಗಿದ್ದರೆ ಇವೆರಡೂ ತಿರುವುಮುರುವಾಗಿರಬೇಕಿತ್ತು. ಕೆಳಗೆ ಹೋಗಿ ವಿಚಾರಿಸಿದಾಗ ಇಡೀ ಕಟ್ಟಡಕ್ಕೆ ಸಾಫ್ಟನರ್ ಘಟಕ ಅಳವಡಿಸಿರುವುದು ತಿಳಿಯಿತು. ಸಾಫ್ಟನರು ನೀರಿನಲ್ಲಿರುವ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂಗಳನ್ನು ಹಿಡಿದಿಟ್ಟು, ಅವುಗಳ ಬದಲಿಗೆ ಸೋಡಿಯಂ ಬಿಡುತ್ತದೆ, ಬೈಕಾರ್ಬನೇಟನ್ನು ಮುಟ್ಟುವುದಿಲ್ಲ. ಆದ್ದರಿಂದ ಮೀಟರಿನ ಅಂಕಿ ಹೆಚ್ಚುಕಡಿಮೆ ಹಾಗೇ ಇರುತ್ತದೆ, ಆದರೆ ನಲ್ಲಿಯಲ್ಲಿ ಬರುವುದು ತೆಳುವಾದ ಅಡುಗೆಸೋಡದ ನೀರು. ಅದು ಕಾಫಿಯ ಆಮ್ಲಗಳನ್ನು ಸಾಯಿಸುವುದಲ್ಲದೆ, ಪುಡಿಯ ಪದರವನ್ನು ಅಂಟಂಟಾಗಿಸಿ ನೀರಿಳಿಯುವುದನ್ನೂ ನಿಧಾನಗೊಳಿಸುತ್ತದೆ. ಖಚಿತಪಡಿಸಿಕೊಳ್ಳಲು ಅಂಗಡಿಯಿಂದ ಒಂದು ಲೀಟರ್ ಬಾಟಲಿ ನೀರು ತಂದು, ಗ್ರೈಂಡರನ್ನು ಹಳೆಯ ಕ್ಲಿಕ್ಕಿಗೆ ಮರಳಿಸಿ ಕಾಫಿ ಮಾಡಿದೆ. 3 ನಿಮಿಷ 10 ಸೆಕೆಂಡು. ಹುಳಿ, ಸಿಹಿ ಎರಡೂ ಮರಳಿದ್ದವು. ಸಮಯ ಮತ್ತು ರುಚಿ ಒಟ್ಟಿಗೇ ಕೆಟ್ಟು, ಪುಡಿಯ ಹದ ಸರಿಪಡಿಸಿದರೆ ಒಂದು ಮಾತ್ರ ಸುಧಾರಿಸುವುದಾದರೆ ನೀರನ್ನು ಶಂಕಿಸಬೇಕು. ಬಾಟಲಿ ನೀರಿನ ಈ ಪರೀಕ್ಷೆಗೆ ಇಪ್ಪತ್ತು ರೂಪಾಯಿ ಖರ್ಚು, ಹೊಸ ಗ್ರೈಂಡರಿಗೆ ಸಾವಿರಗಟ್ಟಲೆ.

ಬೇಗ ಇಳಿದುಹೋದಾಗ

ಎರಡೂಕಾಲು ನಿಮಿಷದೊಳಗೆ ಎಲ್ಲವೂ ಇಳಿದು, ಲೋಟದಲ್ಲಿ ಕಡುಚಹದ ಬಣ್ಣಕ್ಕಿಂತ ತಿಳಿಯಾದ ದ್ರವ ಸಿಕ್ಕಿದರೆ, ಅದು ಹುಳಿಯಾಗಿಯೂ ನೀರುನೀರಾಗಿಯೂ ಇರುವುದು ಖಂಡಿತ. ಬಿಸಿನೀರಿಗೆ ಕಾಫಿಯಿಂದ ಮೊದಲು ಬಿಡುವುದು ಆಮ್ಲಗಳು, ಸಿಹಿಯ ಅಂಶ ಬರುವುದು ಆಮೇಲೆ, ಕಹಿ ಕೊನೆಗೆ. ಮೊದಲ ಭಾಗದಲ್ಲೇ ನಿಲ್ಲಿಸಿದರೆ ಉಳಿದದ್ದು ಚರಟದಲ್ಲೇ ಉಳಿಯುತ್ತದೆ. ಪುಡಿ ತರಿಯಾಗಿರುವುದೇ ಸಾಮಾನ್ಯ ಕಾರಣ, ಪರಿಹಾರವೂ ನೇರ. ಕೆಲವೊಮ್ಮೆ ಮಾತ್ರ ಗ್ರೈಂಡರಿನ ಒಳಗಿನ ತಿರುಪು ಸಡಿಲವಾಗಿ, ನಾವು ಮುಟ್ಟದೆಯೇ ಹದ ಜಾರಿರುತ್ತದೆ. ಆದ್ದರಿಂದ ಅದೇ ಕ್ಲಿಕ್ಕಿನಲ್ಲಿ ಸಮಯ ದಿನದಿಂದ ದಿನಕ್ಕೆ ಕಡಿಮೆಯಾಗುತ್ತಿದ್ದರೆ ಗ್ರೈಂಡರನ್ನು ಬಿಚ್ಚಿ, ಪೂರ್ತಿ ಬಿಗಿಮಾಡಿ, ಸೊನ್ನೆಯಿಂದ ಮತ್ತೆ ಎಣಿಸಬೇಕು.

ಬೀಜ ಹಳೆಯದಾದರೂ ನೀರು ಬೇಗ ಇಳಿಯುತ್ತದೆ. ಹುರಿದ ಬೀಜದೊಳಗೆ ಇಂಗಾಲದ ಡೈಆಕ್ಸೈಡ್ ತುಂಬಿರುತ್ತದೆ. ಮೊದಲ 45 ಗ್ರಾಂ ನೀರು ಬಿದ್ದಾಗ ಪುಡಿ ಹೂರಣದ ಉಂಡೆಯಂತೆ ಉಬ್ಬಿ, ಅಲ್ಲಲ್ಲಿ ಗುಳ್ಳೆ ಒಡೆಯುವುದು ಆ ಅನಿಲದಿಂದ. ಹುರಿದು ಎರಡು ತಿಂಗಳಾದ ಬೀಜದಲ್ಲಿ ಅದು ಕಾಣುವುದಿಲ್ಲ, ನೀರು ಮರಳಿನ ಮೇಲೆ ಬಿದ್ದಂತೆ ಇಂಗಿಹೋಗುತ್ತದೆ. ಅದಕ್ಕೆ ಎರಡು ಕ್ಲಿಕ್ ನುಣ್ಣಗೆ ಮಾಡಿ ಸಮಯವನ್ನು ಸರಿದೂಗಿಸಬಹುದೇ ಹೊರತು ಹೋದ ಪರಿಮಳವನ್ನು ತರಲಾಗದು. ಇದರ ವಿರುದ್ಧದ ತಪ್ಪೂ ಉಂಟು: ನಿನ್ನೆ ಹುರಿದದ್ದನ್ನು ಇಂದೇ ಕುಡಿಯುವ ಆತುರ. ಆ ಬೀಜದ ಅನಿಲ ನೀರನ್ನೇ ಹೊರಗೆ ತಳ್ಳುವುದರಿಂದ ಪುಡಿ ಸರಿಯಾಗಿ ತೊಯ್ಯುವುದಿಲ್ಲ. ಒಂದು ವಾರ ತಡೆದರೆ ನಷ್ಟವೇನಿಲ್ಲ.

ಚರಟವನ್ನು ಓದುವುದು

ಕಾಫಿ ಇಳಿದ ಕೂಡಲೇ ಕಾಗದವನ್ನು ಎಸೆದುಬಿಡುವುದು ಸಾಕ್ಷ್ಯವನ್ನು ನಾಶಮಾಡಿದಂತೆ. ಡ್ರಿಪ್ಪರನ್ನು ಬೆಳಕಿಗೆ ಹಿಡಿದು ಮೇಲಿನಿಂದ ನೋಡಬೇಕು. ಮೇಲ್ಮೈ ಮಟ್ಟವಾಗಿದ್ದು, ಗೋಡೆಯ ಸುತ್ತ ಒಂದೇ ದಪ್ಪದ ತೆಳು ಪದರ ಅಂಟಿದ್ದರೆ ನೀರು ಎಲ್ಲ ಕಡೆ ಸಮನಾಗಿ ಹಾದಿದೆ. ನಡುವೆ ಗುಂಡಿ ಬಿದ್ದು ಗೋಡೆಯ ಮೇಲೆ ದಪ್ಪಗೆ ಪುಡಿ ನಿಂತಿದ್ದರೆ ನಾವು ನಡುವೆ ಮಾತ್ರ ಸುರಿದಿದ್ದೇವೆ, ಅಂಚಿನ ಪುಡಿ ಅರ್ಧಂಬರ್ಧ ಬೆಂದ ಅನ್ನದಂತೆ ಉಳಿದಿದೆ. ಗೋಡೆಯ ಒಂದು ಕಡೆ ಕಾಗದ ಬೆಳ್ಳಗೆ ಕಂಡರೆ ಧಾರೆ ಕಾಗದಕ್ಕೇ ಬಿದ್ದು, ಪುಡಿಯನ್ನು ಮುಟ್ಟದೆಯೇ ಸ್ವಲ್ಪ ನೀರು ಲೋಟಕ್ಕೆ ಹೋಗಿದೆ. ಮೇಲ್ಮೈಯಲ್ಲಿ ಕೆರೆಯಂಗಳದ ಕೆಸರಿನಂತೆ ನುಣ್ಣನೆಯ ಹೊಳೆಯುವ ಪದರ ಇದ್ದರೆ ಧೂಳು ಹೆಚ್ಚು ಅಥವಾ ಕದಡಿದ್ದು ಹೆಚ್ಚು. ಸಣ್ಣ ತೂತುಗಳು ಕಂಡರೆ ನೀರು ಆ ದಾರಿಯಲ್ಲೇ ನುಗ್ಗಿದೆ ಎಂದರ್ಥ. ಆ ದಾರಿಯ ಪುಡಿ ಅತಿಯಾಗಿ ಬಸಿದು, ಉಳಿದದ್ದು ಬಸಿಯದೆ, ಒಂದೇ ಲೋಟದಲ್ಲಿ ಹುಳಿಯೂ ಒಗರೂ ಒಟ್ಟಿಗೆ ಬರುತ್ತವೆ. ಹುಳಿ ಕಂಡಿತೆಂದು ನುಣ್ಣಗೆ ಮಾಡಿದರೆ ಒಗರು ಹೆಚ್ಚುತ್ತದೆ, ಒಗರೆಂದು ತರಿ ಮಾಡಿದರೆ ಹುಳಿ ಹೆಚ್ಚುತ್ತದೆ. ಇಂಥಲ್ಲಿ ಗ್ರೈಂಡರನ್ನು ಮುಟ್ಟಬಾರದು. ನಡುವಿನಿಂದ ಅಂಚಿನವರೆಗೆ ನಿಧಾನವಾಗಿ ಸುತ್ತು ಹಾಕಿ ಸುರಿದು, ಕೊನೆಯ ಸುರಿತದ ನಂತರ ಡ್ರಿಪ್ಪರನ್ನು ಹಿಡಿದು ಒಮ್ಮೆ ಮೆಲ್ಲಗೆ ತಿರುವಿದರೆ ಪುಡಿಯ ಹಾಸು ಮಟ್ಟವಾಗುತ್ತದೆ.

ಸಮಯ ಸರಿ, ಹಾಸು ಸರಿ, ರುಚಿ ಮಾತ್ರ ತಪ್ಪು

ಈಗ ನಾಲಿಗೆಯ ಸರದಿ. ಕಾಫಿಯನ್ನು ಬಿಸಿಬಿಸಿಯಾಗಿ ಅಲ್ಲ, ಉಗುರುಬೆಚ್ಚಗಾದ ಮೇಲೆ ರುಚಿ ನೋಡಬೇಕು. ಬಿಸಿ ಬಹಳಷ್ಟನ್ನು ಮರೆಮಾಡುತ್ತದೆ. ಕಹಿ ಮತ್ತು ಒಗರು ಎರಡು ಬೇರೆ ಮಾತುಗಳಾಗಿ ಕನ್ನಡದಲ್ಲಿರುವುದು ಇಲ್ಲಿ ಬಹಳ ಉಪಯೋಗಕ್ಕೆ ಬರುತ್ತದೆ. ಕಹಿ ಹಾಗಲಕಾಯಿಯದು, ನಾಲಿಗೆಯ ಹಿಂಭಾಗದಲ್ಲಿ ನಿಲ್ಲುವಂಥದ್ದು. ಒಗರು ನೇರಳೆ ಹಣ್ಣಿನದು, ಬಾಯಿಯೆಲ್ಲ ಒಣಗಿ ನಾಲಿಗೆ ಅಂಗುಳಕ್ಕೆ ಅಂಟುವಂಥದ್ದು. ಕಹಿ ಮಾತ್ರ ಇದ್ದು ಒಗರಿಲ್ಲದಿದ್ದರೆ ಅದು ಬಹುತೇಕ ಹುರಿಯ ಗುಣ. ಎಣ್ಣೆ ಒಸರುವ ಕಡುಹುರಿಯ ಬೀಜಕ್ಕೆ 88ರಿಂದ 90 ಡಿಗ್ರಿಯ ನೀರು ಸಾಕು. ಕುದಿಯುವ ನೀರಿನ ಬಗ್ಗೆ ಮೇಲೆ ಹೇಳಿದ್ದು ಇದಕ್ಕೆ ಸಲ್ಲದು. ಒಗರಿದ್ದರೆ ಚರಟದ ವಿಭಾಗಕ್ಕೆ ಮರಳಿ ಹೋಗಬೇಕು, ಅಲ್ಲೆಲ್ಲೋ ತಪ್ಪು ಕಣ್ತಪ್ಪಿದೆ.

ಹುಳಿಯಲ್ಲೂ ಎರಡು ಬಗೆ. ಕೊಡಗಿನ ಕಿತ್ತಳೆಯಂತೆ ಸಿಹಿಯೊಂದಿಗೆ ಬಂದು ಹೋಗುವ ಹುಳಿ ಎತ್ತರದ ತೋಟದ, ತೊಳೆದು ಸಂಸ್ಕರಿಸಿದ ಅರೇಬಿಕಾದ ಸಹಜ ಗುಣ. ತೋಟದವರ ಮಾತಿನಲ್ಲಿ ಪಾರ್ಚ್‌ಮೆಂಟ್ ಕಾಫಿ. ಹಾಲು ಹಾಕಿದ ಡಿಕಾಕ್ಷನ್ನಿನಲ್ಲೇ ಬೆಳೆದ ನಮ್ಮ ನಾಲಿಗೆಗೆ ಇದು ಮೊದಮೊದಲು ದೋಷವೆಂದೇ ತೋರುತ್ತದೆ. ಅದನ್ನು ದೋಷದ ಪಟ್ಟಿಗೆ ಸೇರಿಸಬಾರದು. ಮಾವಿನ ಮಿಡಿಯನ್ನು ಕಚ್ಚಿದಂತೆ ಹಲ್ಲು ಚುಳ್ಳೆನ್ನುವ, ಹಿಂದೆ ಸಿಹಿಯಿಲ್ಲದ ಹುಳಿ ಮಾತ್ರ ದೋಷ. ಸಮಯ ಸರಿಯಿದ್ದೂ ಅದು ಬಂದರೆ ನೀರಿನ ಬಿಸಿ ಸಾಲದೆಂದೋ, ನೀರಿನಲ್ಲಿ ಖನಿಜಾಂಶ ಇಲ್ಲವೆಂದೋ ತಿಳಿಯಬೇಕು. ಇದಕ್ಕೆ ವಿರುದ್ಧವಾಗಿ, ಮಾನ್ಸೂನ್ಡ್ ಮಲಬಾರ್ ಎಂಬ ಬೀಜವನ್ನು ಕೊಂಡು ತಂದು ಹುಳಿಯೇ ಇಲ್ಲವೆಂದು ಕೊರಗುವವರಿದ್ದಾರೆ. ಮಳೆಗಾಲದ ತಿಂಗಳುಗಳಲ್ಲಿ ಮಂಗಳೂರು ಕಡೆಯ ಗೋದಾಮುಗಳಲ್ಲಿ ಕಡಲಗಾಳಿಗೆ ಹರಡಿ, ಬೀಜ ಊದಿ ಬಿಳಿಚಿಕೊಳ್ಳುವಂತೆ ಮಾಡುವ ಉದ್ದೇಶವೇ ಹುಳಿಯನ್ನು ಇಳಿಸುವುದು. ಅಲ್ಲಿ ಯಾವ ಉಪಾಯಕ್ಕೂ ಹುಳಿ ಹುಟ್ಟದು.

ನೀರಿನ ಮಾತನ್ನು ಪೂರ್ಣಗೊಳಿಸುವುದಾದರೆ, ಸ್ಪೆಷಾಲ್ಟಿ ಕಾಫಿ ಅಸೋಸಿಯೇಷನ್ ಸೂಚಿಸಿದ ಗುರಿ ಲೀಟರಿಗೆ 150 ಮಿಲಿಗ್ರಾಂ ಕರಗಿದ ಘನಾಂಶ, 75ರಿಂದ 250ರವರೆಗೆ ನಡೆಯುತ್ತದೆ. ಕುಡಿಯುವ ನೀರಿಗೆ ಭಾರತೀಯ ಮಾನಕ 500ರವರೆಗೆ ಒಪ್ಪುತ್ತದೆ. ಕುಡಿಯಲು ಯೋಗ್ಯವಾದ ನೀರು ಕಾಫಿಗೆ ಯೋಗ್ಯವಾಗಿರಲೇಬೇಕೆಂದಿಲ್ಲ ಎಂಬುದು ಈ ಎರಡು ಅಂಕಿಗಳಿಂದಲೇ ತಿಳಿಯುತ್ತದೆ. ಮನೆಯ ಆರ್‌ಒ ಯಂತ್ರದ ನೀರು 30ರ ಆಸುಪಾಸಿನಲ್ಲಿದ್ದರೆ ಕಾಫಿ ತೆಳುವಾಗಿ, ಹುಳಿ ಮೊನಚಾಗಿ ಬರುತ್ತದೆ. ಸಾಫ್ಟನರಿಗೆ ಹೋಗುವ ಮೊದಲಿನ ಕೊಳವೆಬಾವಿ ನೀರು ಸಿಗುವುದಾದರೆ, ಅದು 600 ಇದೆಯೆಂದಿಟ್ಟುಕೊಂಡು, ನಾಲ್ಕು ಪಾಲು ಆರ್‌ಒ ನೀರಿಗೆ ಅದರ ಒಂದು ಪಾಲು ಬೆರೆಸಿದರೆ 144ಕ್ಕೆ ಬರುತ್ತದೆ. ನಾನು ಈಗ ಹೀಗೆಯೇ ಮಾಡುತ್ತಿದ್ದೇನೆ. ಕೊಳವೆಬಾವಿ ನೀರನ್ನು ಕುಡಿಯಲು ಬಳಸಬಹುದೆಂದು ಪರೀಕ್ಷೆ ಮಾಡಿಸಿರದಿದ್ದರೆ ಈ ಮಿಶ್ರಣದ ಗೋಜಿಗೆ ಹೋಗದೆ ಬಾಟಲಿ ನೀರಿಗೇ ನಿಲ್ಲುವುದು ಲೇಸು. ಕೆಟಲಿನಲ್ಲಿ ಬಿಳಿಯ ಪದರ ಕಟ್ಟುವ ಗಡಸು ನೀರು ಮಾತ್ರ ಇರುವವರು ಅದನ್ನು ಹತ್ತು ನಿಮಿಷ ಚೆನ್ನಾಗಿ ಕುದಿಸಿ, ಆರಲು ಬಿಟ್ಟು, ತಳದ ಸುಣ್ಣವನ್ನು ಬಿಟ್ಟು ಮೇಲಿನ ನೀರನ್ನು ಬಗ್ಗಿಸಿಕೊಂಡರೆ ಗಡಸುತನವೂ ಮಂಕುತನವೂ ಸ್ವಲ್ಪ ಇಳಿಯುತ್ತವೆ.

ಉಳಿದ ಸಣ್ಣಪುಟ್ಟ ರುಚಿದೋಷಗಳನ್ನು ಬೇಗ ಮುಗಿಸಬಹುದು. ಒದ್ದೆ ರಟ್ಟಿನ ವಾಸನೆ ಬಂದರೆ ಕಾಗದ ತೊಯ್ಸಿದ್ದು ಸಾಲದು, ಅಥವಾ ಕಾಗದದ ಕಟ್ಟನ್ನು ಮಸಾಲೆ ಡಬ್ಬಿಗಳ ಪಕ್ಕ ಇಟ್ಟಿದ್ದೀರಿ. ಕಾಗದ ಇಂಗಿನ ವಾಸನೆಯನ್ನು ಎಷ್ಟು ಬೇಗ ಹಿಡಿದುಕೊಳ್ಳುತ್ತದೆಂಬುದು ನನಗೆ ಒಂದು ಬೆಳಗ್ಗೆ ಗೊತ್ತಾಯಿತು. ರುಚಿ ದಿನಕ್ಕೊಂದು ಬಗೆಯಾಗಿದ್ದರೆ ತಕ್ಕಡಿಯ ಬ್ಯಾಟರಿಯನ್ನು ನೋಡಬೇಕು. ಹಾಲು ಬೆರೆಸಿದಾಗ ಸಪ್ಪೆಯಾಗುತ್ತದೆಂಬುದು ದೋಷವಲ್ಲ, ಒಂದಕ್ಕೆ ಹದಿನೇಳರಷ್ಟು ನೀರು ಹಾಕಿದ ಕಾಫಿ ಹಾಲನ್ನು ಹೊರಲಾರದು. ಹಾಲು ಬೇಕೆನಿಸಿದ ದಿನ ಹಿತ್ತಾಳೆ ಫಿಲ್ಟರನ್ನು ತೆಗೆಯುವುದೇ ಸರಿ.

ಹಳಸಿದ ಕಡಲೆಕಾಯಿ ಎಣ್ಣೆಯಂಥ ಕಮಟು ಬಂದರೆ ಅದು ಗ್ರೈಂಡರಿನೊಳಗೆ ಕೂತ ಹಳೆಯ ಕಾಫಿಯ ಎಣ್ಣೆ. ಅದನ್ನು ಬಿಚ್ಚಿ, ನೀರು ಸೋಕಿಸದೆ, ಒಣ ಬ್ರಷ್ಷಿನಿಂದ ಹಲ್ಲುಗಳ ಸಂದುಗಳನ್ನು ಉಜ್ಜಿ, ಜೋಡಿಸಿದ ಮೇಲೆ ಐದಾರು ಗ್ರಾಂ ಬೀಜವನ್ನು ಬೀಸಿ ಎಸೆಯಬೇಕು. ಬಿಚ್ಚಿ ಜೋಡಿಸಿದ ಗ್ರೈಂಡರಿನಲ್ಲಿ ಹಿಂದಿನ ಕ್ಲಿಕ್ಕಿನ ಸಂಖ್ಯೆಯನ್ನು ನಂಬುವಂತಿಲ್ಲವಾದ್ದರಿಂದ, ಮರುದಿನದ ಮೊದಲ ಕಾಫಿಯನ್ನು ಮೂಲ ಅಳತೆಯಲ್ಲೇ ಮಾಡಿ, ನೀರು ಇಳಿದು ಮುಗಿದ ಸಮಯವನ್ನು ಬೀಜದ ಪ್ಯಾಕೆಟ್ಟಿನ ಮೇಲೆಯೇ ಪೆನ್ನಿನಲ್ಲಿ ಬರೆದಿಡಬೇಕು.